ಪಡಿತರ ಚೀಟಿಯಲ್ಲಿ ನಾವು ಯಾರ ಮನೆಯವರು?

ಬಡವರಿಗೆ ಸರ್ಕಾರ ಏನೇನು ಕೊಡುತ್ತದೆ ಎಂದು ಕೇಳಿದರೆ ನಮ್ಮ ಸಂಘದ ಯಾವ ಸದಸ್ಯೆಯಾದರೂ ಬೆರಳು ಮಡಚಿ ಹೇಳುತ್ತಾಳೆ: ಅನ್ನಭಾಗ್ಯ, ಗೃಹಲಕ್ಷ್ಮಿ, ವಿಧವಾ ವೇತನ, ಮನಸ್ವಿನಿ. ಆದರೆ ಗಂಡನ ಮನೆಯಲ್ಲಿ ಹೊಡೆಸಿಕೊಂಡು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಬಂದವಳಿಗೆ ಇದರಲ್ಲಿ ಯಾವುದು ಸಿಗುತ್ತದೆ ಎಂದು ಕೇಳಿ ನೋಡಿ. ಮಡಚಿದ ಬೆರಳು ಹಾಗೇ ನಿಲ್ಲುತ್ತದೆ.

ಹನ್ನೆರಡು ವರ್ಷಗಳಿಂದ ನಾನು ನಮ್ಮೂರ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುತ್ತಿದ್ದೇನೆ. ಹೀಗೆ ಬಂದ ಹೆಣ್ಣುಮಕ್ಕಳ ಜೊತೆ ಎಷ್ಟೋ ಸಲ ಕಚೇರಿ ಮೆಟ್ಟಿಲು ಹತ್ತಿದ್ದೇನೆ. ಅಲ್ಲಿ ಕಂಡದ್ದರಿಂದ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ಸರ್ಕಾರ ಬಡತನವನ್ನು ಮನೆಯ ಲೆಕ್ಕದಲ್ಲಿ ಅಳೆಯುತ್ತದೆ. ಆ ಮನೆಯೇ ಹೆಣ್ಣನ್ನು ಹೊರಗೆ ಹಾಕಿದಾಗ, ಕಾಗದದಲ್ಲಿ ಅವಳು ಇನ್ನೂ ಆ ಮನೆಯಲ್ಲೇ ಇರುತ್ತಾಳೆ!

ಹೇಗೆಂದು ನೋಡಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಚೀಟಿಯಲ್ಲಿ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ. ಸೊಸೆಯ ಹೆಸರು ಗಂಡನ ಮನೆಯ ಚೀಟಿಯಲ್ಲಿದೆ. ಅವಳು ತವರಿನಲ್ಲಿದ್ದರೂ ಆ ಮನೆಯ ಯಾರಾದರೊಬ್ಬರು ನ್ಯಾಯಬೆಲೆ ಅಂಗಡಿಗೆ ಹೋಗಿ ಹೆಬ್ಬೆಟ್ಟು ಒತ್ತಿದರೆ ಸಾಕು, ಅವಳ ಪಾಲಿನ ಅಕ್ಕಿಯೂ ಮಗುವಿನ ಪಾಲಿನ ಅಕ್ಕಿಯೂ ಅವರ ಚೀಲಕ್ಕೆ ಬೀಳುತ್ತದೆ. ಹೊಡೆದವರು ಅವಳ ಅನ್ನ ಉಣ್ಣುತ್ತಾರೆ. ಹೊಡೆಸಿಕೊಂಡವಳು ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡುತ್ತಾ ತಟ್ಟೆಯ ಮುಂದೆ ಕೂರುತ್ತಾಳೆ.

ಇನ್ನು ಗೃಹಲಕ್ಷ್ಮಿ. 2023ರ ಆಗಸ್ಟ್‌ನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ ಯಾರು ಎಂದು ಹೇಳುವುದು ಪಡಿತರ ಚೀಟಿ. ಆಹಾರ ಭದ್ರತಾ ಕಾಯ್ದೆಯ 13ನೇ ಕಲಂ ಪ್ರಕಾರ ಚೀಟಿಗೆ ಯಜಮಾನಿ ಎಂದರೆ 18 ತುಂಬಿದವರಲ್ಲಿ ಮನೆಯ ಅತಿ ಹಿರಿಯ ಹೆಂಗಸು. ಗಂಡಸಿನ ಹೆಸರಿದ್ದ ಜಾಗದಲ್ಲಿ ಹೆಂಗಸಿನ ಹೆಸರು ಬಂದದ್ದು ಒಳ್ಳೆಯದೇ. ಆದರೆ ಕೂಡು ಕುಟುಂಬದಲ್ಲಿ ಆ ಹಿರಿಯಳು ಅತ್ತೆ. ಅತ್ತೆಯ ಮೇಲೆ ನನಗೆ ಹಗೆಯಿಲ್ಲ, ಅವಳೂ ಒಂದು ಕಾಲದ ಸೊಸೆ. ನನ್ನ ಪ್ರಶ್ನೆ ಇಷ್ಟೇ: ವರದಕ್ಷಿಣೆ ಸಾಲದೆಂದು ಸೊಸೆಯನ್ನು ಹೊರಗೆ ಹಾಕಿದ ಮನೆಗೆ ಸರ್ಕಾರದ ಹಣ ತಪ್ಪದೆ ಹೋಗುತ್ತದೆ, ಹೊರಬಿದ್ದ ಸೊಸೆಗೆ ಯಾಕೆ ಇಲ್ಲ?

"ತವರಿನ ಚೀಟಿಗೆ ಹೆಸರು ಸೇರಿಸಿ" ಎಂದು ನಾವು ಹೋದೆವು. "ಏನಮ್ಮಾ, ಗಂಡನ ಚೀಟಿಯಲ್ಲಿ ಹೆಸರಿದೆ, ಆಧಾರ್ ಅಲ್ಲಿಗೆ ಜೋಡಣೆಯಾಗಿದೆ. ಮೊದಲು ಅಲ್ಲಿಂದ ತೆಗೆಸಿಕೊಂಡು ಬಾ" ಎಂದರು. ತೆಗೆಸುವವರು ಯಾರು? ಚೀಟಿ ಇರುವುದು ಅವರ ಪೆಟ್ಟಿಗೆಯಲ್ಲಿ. ಬೇರೆ ಚೀಟಿ ಕೊಡಿ ಎಂದರೆ "ಈಗ ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ" ಎಂದರು. ಕೊನೆಗೆ ಎಲ್ಲರೂ ಕೊಡುವ ಬುದ್ಧಿವಾದ ಒಂದೇ: "ಹೋಗಿ ರಾಜಿ ಮಾಡಿಕೋ." ಹಸಿವನ್ನು ಮುಂದಿಟ್ಟು ಹೆಣ್ಣನ್ನು ಹೊಡೆತದ ಮನೆಗೆ ವಾಪಸು ಕಳಿಸುವುದಕ್ಕೆ ರಾಜಿ ಎಂದು ಹೆಸರು!

ಪಿಂಚಣಿಯ ಕಥೆಯೂ ಹೀಗೇ. ಗಂಡ ಸತ್ತರೆ 1984ರಿಂದ ನಿರ್ಗತಿಕ ವಿಧವಾ ವೇತನವಿದೆ. 2013ರಲ್ಲಿ ಬಂದ ಮನಸ್ವಿನಿ ಇರುವುದು 40ರಿಂದ 64 ವಯಸ್ಸಿನ, ಮದುವೆಯಾಗದ ಅಥವಾ ವಿಚ್ಛೇದನ ಪಡೆದ ಬಡ ಹೆಂಗಸರಿಗೆ. 24ರ ಹರೆಯದಲ್ಲಿ ಬೆನ್ನ ಮೇಲೆ ಬಾಸುಂಡೆ ಹೊತ್ತು ಬಂದವಳು 40 ತುಂಬುವ ತನಕ ಏನು ತಿನ್ನಬೇಕು? ಗಂಡ ಸತ್ತಿದ್ದರೆ ಅವಳು ಸರ್ಕಾರದ ಕಣ್ಣಿಗೆ ಬೀಳುತ್ತಿದ್ದಳು. ಅವನು ಬದುಕಿದ್ದು ಹೊಡೆಯುತ್ತಿರುವುದರಿಂದ ಅವಳು ಕಾಣುವುದಿಲ್ಲ.

ಇದಕ್ಕೆ ಅಧಿಕಾರಿಗಳ ಬಳಿ ಸಿದ್ಧ ಉತ್ತರವಿದೆ: "ಬೇರೆ ಚೀಟಿ ಕೊಟ್ಟರೆ ಎಲ್ಲರೂ ಸುಳ್ಳು ಜಗಳ ತೋರಿಸಿ ಮನೆ ಒಡೆಯುತ್ತಾರೆ." ಸುಳ್ಳನ್ನು ತಡೆಯುವ ದಾರಿ ಕಾನೂನಿನಲ್ಲೇ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಕೌಟುಂಬಿಕ ಘಟನಾ ವರದಿ ಬರೆಯಬೇಕು. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ನಮ್ಮ ಅಂಗನವಾಡಿ, ಸ್ತ್ರೀಶಕ್ತಿ ಸಂಘಗಳನ್ನು ನೋಡಿಕೊಳ್ಳುವ ಅದೇ ಕಚೇರಿ. ಗೃಹಲಕ್ಷ್ಮಿ ನಡೆಸುವುದೂ ಅದೇ ಇಲಾಖೆ. ಒಂದು ಮೇಜಿನ ಮೇಲೆ ಹೆಣ್ಣಿನ ಗಾಯದ ವರದಿ, ಇನ್ನೊಂದು ಮೇಜಿನ ಮೇಲೆ 2,000 ರೂಪಾಯಿಯ ಪಟ್ಟಿ. ಎರಡು ಮೇಜುಗಳೂ ಮಾತಾಡಿಕೊಳ್ಳುವುದಿಲ್ಲ, ಅಷ್ಟೇ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಘಟನಾ ವರದಿ ಇರುವ ಹೆಣ್ಣಿಗೆ, ಗಂಡನ ಮನೆಯವರ ಒಪ್ಪಿಗೆ ಕೇಳದೆ, ಬೇರೆ ಪಡಿತರ ಚೀಟಿ ಕೊಡಬೇಕು. ಅದಕ್ಕೆ ದಿನಗಳ ಗಡುವು ಇರಬೇಕು.
2. ವರದಿಯ ದಿನದಿಂದಲೇ ಅವಳ, ಮಕ್ಕಳ ಪಾಲಿನ ಧಾನ್ಯ ಅವಳಿರುವ ಊರಿನಲ್ಲಿ ಸಿಗಬೇಕು.
3. ಆ ಚೀಟಿಯ ಮೇಲೆ ಗೃಹಲಕ್ಷ್ಮಿ ಅವಳಿಗೂ ಬರಬೇಕು.
4. ದೌರ್ಜನ್ಯದಿಂದ ಹೊರಬಂದ ಬಡ ಹೆಣ್ಣಿಗೆ ವಯಸ್ಸಿನ ಮಿತಿಯಿಲ್ಲದ ಮಾಸಾಶನ ಬೇಕು.
5. ಪ್ರತಿ ತಾಲ್ಲೂಕಿಗೆ ಇದೇ ಕೆಲಸಕ್ಕೆಂದು ಬೇರೆಯೇ ಸಂರಕ್ಷಣಾಧಿಕಾರಿ ಬೇಕು. ಅಂಗನವಾಡಿಗಳ ಹೊರೆ ಹೊತ್ತವರ ತಲೆಗೇ ಇದನ್ನೂ ಕಟ್ಟಿದರೆ ಎರಡೂ ಆಗುವುದಿಲ್ಲ.

ಸರ್ಕಾರ ಕೊಡುವ ತನಕ ಕೈಕಟ್ಟಿ ಕೂರಬೇಕಿಲ್ಲ, ಅಕ್ಕತಂಗಿಯರೇ. ಇರುವ ಕಾನೂನಿನಲ್ಲೇ ಸಂಘಕ್ಕೆ ಬಲವಿದೆ. ಹಿಂಸೆ ನಡೆದಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ ಎಂದು 4ನೇ ಕಲಂ ಹೇಳುತ್ತದೆ. ಅವಳ ಪರವಾಗಿ ಬೇರೆಯವರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಮನೆಯಲ್ಲಿ ಇರುವ ಹಕ್ಕು, ಜೀವನಾಂಶ, ಸ್ತ್ರೀಧನ ವಾಪಸು, ಮೂರನ್ನೂ ಆ ಒಂದು ಅರ್ಜಿಯಲ್ಲೇ ಕೇಳಬಹುದು. ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ: 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಅದಕ್ಕೆ 15100, ಮಹಿಳಾ ಸಹಾಯವಾಣಿಗೆ 181, ಜೀವಕ್ಕೆ ಅಪಾಯವಾದರೆ 112. ಹಳಬರು 498ಎ ಎನ್ನುವ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. "ಆ ಕಾನೂನು ಈಗ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾಗದ ಪತ್ರ ಅವರ ಪೆಟ್ಟಿಗೆಯಲ್ಲಿ ಸೇರುವ ಮೊದಲೇ ನಮ್ಮ ಕೆಲಸ ಶುರುವಾಗಬೇಕು. ಮದುವೆಯಾಗಿ ಹೋಗುವ ಪ್ರತಿ ಹುಡುಗಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್, ಶಾಲೆಯ ದಾಖಲೆ, ಲಗ್ನಪತ್ರಿಕೆ, ಮದುವೆಯ ಫೋಟೋ, ಕೊಟ್ಟ ಒಡವೆ ಪಾತ್ರೆಗಳ ಪಟ್ಟಿ ಇವುಗಳ ನಕಲು ತವರಿನಲ್ಲಿ ಒಂದು, ಸಂಘದಲ್ಲಿ ಒಂದು ಇರಲಿ. ಮಕ್ಕಳು ಹುಟ್ಟಿದ ಮೇಲೆ ಜನನ ಪತ್ರ ಸೇರಲಿ. ಬ್ಯಾಂಕ್ ಖಾತೆಗೆ ಅವಳದೇ ಫೋನ್ ನಂಬರ್ ಇರಲಿ, ಗಂಡನದ್ದು ಬೇಡ. ಕಚೇರಿಗೆ ಒಬ್ಬಳನ್ನೇ ಕಳಿಸಬೇಡಿ, ಐವರು ಹೋಗಿ. ಬಾಯಿಮಾತಿನಲ್ಲಿ "ಆಗಲ್ಲ" ಎಂದರೆ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ, ಯಾಕೆ ಆಗಲ್ಲ ಎಂದು ಬರೆದುಕೊಡಲು ಕೇಳಿ. ಬರೆಯಬೇಕಾಗಿ ಬಂದಾಗ ಎಷ್ಟೋ "ಆಗಲ್ಲ"ಗಳು ಆಗುತ್ತವೆ, ಇದು ನಾನು ಕಂಡ ಮಾತು.

ಇನ್ನೊಂದು ಮಾತು, ನಮಗೇ. ವರದಕ್ಷಿಣೆಗೆಂದು ಸಂಘದಿಂದ ಸಾಲ ಕೊಡುವುದಿಲ್ಲವೆಂದು ಠರಾವು ಬರೆಯಿರಿ. ನಾವು ವಾರವಾರ ಕೂಡಿಟ್ಟ ಹಣದಿಂದಲೇ ನಮ್ಮ ಮಗಳನ್ನು ಹೊಡೆಯುವ ಮನೆ ತುಂಬಿಸಿ, ಆಮೇಲೆ ಅವಳ ಅಕ್ಕಿಗಾಗಿ ಕಚೇರಿ ಅಲೆಯುವುದು ಎಲ್ಲಿಯ ನ್ಯಾಯ?

ಮುಂದಿನ ಸಭೆಯಲ್ಲಿ ಈ ಐದು ಬೇಡಿಕೆಗಳನ್ನು ಓದಿ, ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ತಹಸೀಲ್ದಾರರಿಗೂ ಕೊಡಿ. ಒಂದು ಸಂಘದ ಅರ್ಜಿ ಕಡತದಲ್ಲಿ ಮಲಗುತ್ತದೆ. ಒಂದೇ ದಿನ ತಾಲ್ಲೂಕಿನ ಎಲ್ಲಾ ಸಂಘಗಳು ಅರ್ಜಿ ಹಿಡಿದು ಬಂದು ನಿಂತರೆ ಯಾವ ಕಡತಕ್ಕೂ ಮಲಗಲು ಜಾಗವಿರುವುದಿಲ್ಲ.