‘ಅಯ್ಯೋ ಪಾಪ’ ಸಾಕು, ಕೈ ತೋರಿಸಿ

ಕಿನ್ನಾಳದ ಗೊಂಬೆಗಳ ಬಗ್ಗೆ ನಮ್ಮ ಹುಡುಗರು ಮಾಡುವ ವಿಡಿಯೊ ಬಹುತೇಕ ಒಂದೇ ಥರ. ಶೋಕದ ಕೊಳಲು, ಊರಿನ ಮೇಲೆ ಡ್ರೋನ್, ‘ಅಳಿವಿನಂಚಿನ ಕಲೆ’ ಅಂತ ದಪ್ಪ ಅಕ್ಷರ.

ನಾನೂ ಅದನ್ನೇ ಮಾಡಿದವನು. ಓದುವಾಗ ಮಾಡಿದ 4 ನಿಮಿಷದ ವಿಡಿಯೊ ಮೊನ್ನೆ ತೆಗೆದು ನೋಡಿದೆ. ನನ್ನ ಮುಖ ಒಂದೂವರೆ ನಿಮಿಷ. ಚಿತ್ರಗಾರರ ಕೈ 11 ಸೆಕೆಂಡ್. ನಾಚಿಕೆಯಾಯಿತು.

ನಾಚಿಕೆ ತರಿಸಿದ್ದು ಒಂದು ಹಳೆಯ ಸಾಕ್ಷ್ಯಚಿತ್ರ. 1972ರಲ್ಲಿ ಸತ್ಯಜಿತ್ ರಾಯ್ ಮಾಡಿದ ‘ದಿ ಇನ್ನರ್ ಐ’, ಅಂದರೆ ಒಳಗಣ್ಣು. ಸುಮಾರು 20 ನಿಮಿಷದ್ದು. ಆಧುನಿಕ ಚಿತ್ರಕಲೆಯ ದೊಡ್ಡ ಹೆಸರು ಬಿನೋದ್ ಬಿಹಾರಿ ಮುಖರ್ಜಿ ಅವರ ಕುರಿತದ್ದು. ಶಾಂತಿನಿಕೇತನದಲ್ಲಿ ರಾಯ್ ಅವರಿಗೆ ಗುರುವಾಗಿದ್ದವರು. ಹುಟ್ಟಿನಿಂದಲೇ ದೃಷ್ಟಿ ಮಂದ. ಆ ಮಂದಗಣ್ಣಿನಲ್ಲೇ ಅಲ್ಲಿನ ಹಿಂದಿ ಭವನದ ಗೋಡೆಗಳ ಮೇಲೆ ಸಂತರ ಬದುಕನ್ನು ಬರೆದರು. 1950ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಪೂರ್ತಿ ಕುರುಡಾದರು. ಆಮೇಲೂ ಕೈ ನಿಲ್ಲಲಿಲ್ಲ. ಕಾಗದ ಕತ್ತರಿಸಿ ಅಂಟಿಸಿದರು, ಮೇಣದಲ್ಲಿ ಮೂರ್ತಿ ಮಾಡಿದರು, ಹೆಂಚಿನ ಭಿತ್ತಿಚಿತ್ರ ಕಟ್ಟಿಸಿದರು.

ಈ ಕತೆ ನಮ್ಮ ಕೈಗೆ ಸಿಕ್ಕಿದ್ದರೆ? ಮೊದಲ ಹತ್ತು ಸೆಕೆಂಡಿನಲ್ಲೇ ಅಳಿಸುತ್ತಿದ್ದೆವು. ರಾಯ್ ಅಳಿಸಲಿಲ್ಲ. ಈ ಮನುಷ್ಯ ಏನು ಮಾಡಿದ, ಈಗ ಹೇಗೆ ಮಾಡುತ್ತಾನೆ ಅಂತ ತೋರಿಸಿದರು. ಚಿತ್ರ ಮುಗಿದಾಗ ಬಾಯಿಗೆ ಬರುವುದು ‘ಪಾಪ’ ಅಲ್ಲ, ‘ಅಬ್ಬಾ’!

ಕಿನ್ನಾಳದಲ್ಲಿ ‘ಅಬ್ಬಾ’ ಅನ್ನಲು ಏನು ಕಡಿಮೆ? ಹಗುರ ಮರ ಕೆತ್ತಿ ಜೋಡಿಸುತ್ತಾರೆ. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹುಡಿ, ಹುಣಸೆ ಬೀಜದ ಅಂಟು ಕಲೆಸಿ ‘ಕಿಟ್ಟ’ ಮಾಡುತ್ತಾರೆ. ಅದರಿಂದ ಸಂದು ತುಂಬಿ, ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ನಮ್ಮ ವಿಡಿಯೊ ನೋಡಿದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

‘ಹಾಗಾದರೆ ಅವರ ಕಷ್ಟ ತೋರಿಸಬಾರದೇ?’ ಅನ್ನಬಹುದು. ತೋರಿಸಿ, ಆದರೆ ಲೆಕ್ಕ ಹಾಕಿ ತೋರಿಸಿ. ಮರಕ್ಕೆ ಎಷ್ಟು, ಒಂದು ಗೊಂಬೆಗೆ ಎಷ್ಟು ದಿನ, ಅವರ ಕೈಗೆ ಬಂದದ್ದೆಷ್ಟು, ಪ್ಯಾಟಿಯಲ್ಲಿ ಮಾರಿದ್ದೆಷ್ಟಕ್ಕೆ. ಕೊಳಲು ಊದಿದರೆ ಈ ಪ್ರಶ್ನೆಗಳೇ ಮುಚ್ಚಿಹೋಗುತ್ತವೆ. ‘ಪಾಪ’ ಅಂದವನು ಚೌಕಾಸಿ ಬಿಡುವುದಿಲ್ಲ. ಕೆಲಸ ಏನಂತ ಕಂಡವನಿಗೆ ಮಾತ್ರ ಬೆಲೆ ಕೇಳಲು ನಾಚಿಕೆಯಾಗುತ್ತದೆ.

ಗಂಗಾವತಿಯ ಕುಂಬಾರರಿರಲಿ, ಕುಷ್ಟಗಿ, ಯಲಬುರ್ಗಾ ಕಡೆ ಕಂಬಳಿ ನೇಯುವವರಿರಲಿ, ಮಾತು ಇದೇ. ಫೋನ್ ನಿಮ್ಮ ಕೈಯಲ್ಲೂ ಇದೆ. ಮುಂದಿನ ಸಲ ಅದನ್ನು ಒಂದು ಸ್ಟೂಲ್ ಮೇಲೆ ಇಡಿ. ನಿಮ್ಮ ಮುಖ ಬೇಡ, ಕೊಳಲು ಬೇಡ. 20 ನಿಮಿಷ ಆ ಕೈ ನೋಡಿ. ಆಮೇಲೆ ಅಳಿವಿನಂಚಿನಲ್ಲಿ ಇರುವುದು ಅವರ ಕಲೆಯೋ, ನಮ್ಮ ಕಣ್ಣೋ, ನೀವೇ ಹೇಳಿ.