ಊಟಕ್ಕೆ ಪುಟವಿಲ್ಲವೆ?

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಕನ್ನಡವಿಲ್ಲವೆಂದು ಗೋಳಾಡುವುದು ನಮ್ಮ ವೇದಿಕೆಗಳ ಹಳೆಯ ಚಾಳಿ. ಅಲ್ಲಿಯವರು ಕನ್ನಡದ ಬಳಿಗೆ ಬರುವುದಿಲ್ಲವೆಂದು ನಾನೂ ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಬಂದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದನ್ನು ಈಗ ಹೇಳಿಬಿಡುತ್ತೇನೆ. ಅಪರಾಧಿಗಳಲ್ಲಿ ನಾನೇ ಮೊದಲಿಗನಾದ್ದರಿಂದ ಯಾರೂ ಮುನಿಯಬೇಕಾಗಿಲ್ಲ.

ನಾನು ಬಂಗಾರಪೇಟೆಯ ಕಡೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ವಾರ್ಷಿಕ ಸಂಚಿಕೆಗೆ ‘ನಮ್ಮ ಮನೆಯ ಊಟ’ ಎಂಬ ವಿಷಯ ಕೊಟ್ಟಿದ್ದೆವು. ಗಣಿಯ ಕಡೆಯಿಂದ ಬರುವ ಆಂಗ್ಲೋ-ಇಂಡಿಯನ್ ಹುಡುಗಿಯೊಬ್ಬಳು ತನ್ನ ಅಜ್ಜಿ ಶನಿವಾರ ರಾತ್ರಿ ಮಾಡುವ ಶೆಫರ್ಡ್ಸ್ ಪೈ ಕುರಿತು ಬರೆದು ತಂದಳು. ಮನೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ಕನ್ನಡ ಅವಳು ಶಾಲೆಯಲ್ಲಿ ಕಲಿತದ್ದು. ಬರಹವೇನೋ ಸೊಗಸಾಗಿತ್ತು. ಬೀಫ್ ಕೈಮಾವನ್ನು ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯೊಡನೆ ಹುರಿದು ಬೇಯಿಸುವುದು. ಬೆಣ್ಣೆ ಕಲಸಿ ನುಣ್ಣಗೆ ಮಾಡಿದ ಆಲೂಗಡ್ಡೆಯನ್ನು ಅದರ ಮೇಲೆ ಹೊದಿಸಿ, ಫೋರ್ಕಿನಿಂದ ಗೆರೆಯೆಳೆದು, ಹೊಂಬಣ್ಣ ಬರುವವರೆಗೆ ಕಾವು ಕೊಡುವುದು. ಅವನ್ ಇಲ್ಲದ ಕಾಲದಲ್ಲಿ ಪಾತ್ರೆಯ ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರಂತೆ. 2001ರಲ್ಲಿ ಗಣಿ ಮುಚ್ಚಿತು. ಈಗ ಬೆಂಗಳೂರಿನಲ್ಲಿ ದುಡಿಯುವ ಅಪ್ಪ ಮಾರಿಕುಪ್ಪಂ ರೈಲಿನಲ್ಲಿ ಹಿಂದಿರುಗುವ ತನಕ ಅಜ್ಜಿ ಆ ಮುಚ್ಚಳ ತೆಗೆಯುವುದಿಲ್ಲವೆಂದು ಹುಡುಗಿ ಬರಹ ಮುಗಿಸಿದ್ದಳು.

ಸಂಪಾದಕ ಮಂಡಳಿಯಲ್ಲಿ ಪಿಸುಮಾತು ಎದ್ದಿತು: ‘ಇದು ಕನ್ನಡ ಸಂಸ್ಕೃತಿಗೆ ಒಪ್ಪುತ್ತದೆಯೆ?’ ಗಲಾಟೆ ಬೇಡವೆಂದು ನಾನೇ ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಹುಡುಗಿ ಬಂದು ಕೇಳಿದಳು: ‘ತಪ್ಪು ಕಾಗುಣಿತದ್ದಾ ಸಾರ್, ಊಟದ್ದಾ?’ ಉತ್ತರ ಹೊಳೆಯಲಿಲ್ಲ.

ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ಇದು ಪರದೇಶದ ಅಡಿಗೆ ಎಂಬುದು ಮೊದಲನೆಯದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಕಾರ್ನ್‌ವಾಲಿನ ಗಣಿಗಾರರು ಬಂದದ್ದು ದಿಟ; ಅವರ ಹಿಂದೆ ಅವರ ಅಡಿಗೆಯೂ ಬಂದಿತು. ಆದರೆ ಕೋಲಾರದ ರೈತ ಬೆಳೆಯುವ ಆಲೂಗಡ್ಡೆ, ನಮ್ಮ ಸಾರಿನ ಮೆಣಸಿನಕಾಯಿ, ಎರಡೂ ಅಮೆರಿಕಾ ಖಂಡದಿಂದ ಬಂದವಲ್ಲವೆ? ಮಸಾಲೆದೋಸೆಯ ಪಲ್ಯವನ್ನು ಯಾರೂ ಗಡಿಪಾರು ಮಾಡಿಲ್ಲ. ಬೌರಿಂಗ್‌ಪೇಟೆಯನ್ನೇ ಬಂಗಾರಪೇಟೆಯಾಗಿಸಿಕೊಂಡವರಿಗೆ ಒಂದು ಪೈ ದಕ್ಕದೆ?

ಎರಡನೆಯವರು ಪರಂಪರೆಯ ಮಾತೆತ್ತುತ್ತಾರೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಸಸ್ಯಾಹಾರದ ಗ್ರಂಥವೆಂಬುದು ನಿಜ. ಅದಕ್ಕೆ ಶತಮಾನಗಳ ಮುಂಚೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಹಂದಿ, ಮೀನು, ಆಮೆ, ಹೊಲದ ಇಲಿಯ ಅಡಿಗೆಗಳೂ ಇವೆ. ಪೈಗೆ ನಾನು ಗ್ರಂಥಾಧಾರ ಹುಡುಕುತ್ತಿಲ್ಲ. ಒಂದು ನಾಡಿನ ಅಡಿಗೆಮನೆ ಒಂದೇ ಪುಸ್ತಕದೊಳಗೆ ಹಿಡಿಸುವುದಿಲ್ಲ ಎನ್ನುತ್ತೇನೆ, ಅಷ್ಟೆ.

ಮೂರನೆಯದೇ ಹೊಟ್ಟೆಯೊಳಗಿನ ಮಾತು: ದನದ ಮಾಂಸ. ಹೆಸರಿನಂತೆ ಕುರುಬನ ಪೈಗೆ ಕುರಿಯ ಮಾಂಸವೇ ಬೇಕು. ದನದ್ದಾದರೆ ಇಂಗ್ಲಿಷರು ಅದನ್ನು ಕಾಟೇಜ್ ಪೈ ಎನ್ನುತ್ತಾರೆ. ಆದರೆ ಸಂಬಳ ನಿಂತ ಮನೆಯ ಕೈಗೆ ಎಟುಕಿದ್ದು ಕುರಿಯಲ್ಲ. 2020ರ ಕಾಯಿದೆ ಹಸು, ಎತ್ತುಗಳ ವಧೆಯನ್ನು ನಿಷೇಧಿಸಿ, ಹದಿಮೂರು ವರ್ಷ ದಾಟಿದ ಎಮ್ಮೆ-ಕೋಣಗಳನ್ನಷ್ಟೇ ಬಿಟ್ಟಿತು. ಅಂದಿನಿಂದ ಆ ಮನೆಯಲ್ಲಿ ಬೀಫ್ ಎಂದರೆ ಮುದಿ ಕೋಣದ ಮಾಂಸ. ಕಾನೂನು ಉಳಿಸಿದ ತಟ್ಟೆಯನ್ನು ಕನ್ನಡ ಮೇಷ್ಟರು ಕಸಿದುಕೊಂಡರು!

ಹಸ್ತಪ್ರತಿ ಹಿಂದಿರುಗಿಸಲು ಒಂದು ಶನಿವಾರ ಅವರ ಮನೆಗೆ ಹೋದೆ. ಊಟಕ್ಕೆ ನಿಲ್ಲಲೇಬೇಕಾಯಿತು. ನಾನು ಮಾಂಸ ತಿನ್ನುವವನಲ್ಲ; ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದೆ. ಅಜ್ಜಿ ಚಿಕ್ಕದೊಂದು ಬೇರೆ ಪಾತ್ರೆಯನ್ನು ನನ್ನ ಮುಂದಿಟ್ಟು, ‘ಇದು ನಿಮಗೆ ಮಾಸ್ಟರ್, ಬರೀ ಬಟಾಣಿ ಹಾಕಿದ್ದೀನಿ. ಚಮಚಾನೂ ಬೇರೆ’ ಎಂದರು. ಮೊಮ್ಮಗಳು ಮೊದಲೇ ಹೇಳಿದ್ದಳಂತೆ. ರೈಲು ತಡವಾಗಿತ್ತು. ಅಪ್ಪ ಬಂದ ಮೇಲೆಯೇ ಮುಚ್ಚಳ ತೆಗೆದದ್ದು, ಎಲ್ಲರೂ ಒಟ್ಟಿಗೆ ಉಂಡದ್ದು.

ತಿನ್ನದವರು ತಿನ್ನಬೇಕೆಂದು ಯಾರೂ ಕೇಳಿಲ್ಲ. ಆದರೆ ಒಂದು ಲೆಕ್ಕ ನನ್ನನ್ನು ಕಾಡುತ್ತಿದೆ. ನನ್ನ ಊಟಕ್ಕೆ ಅವರ ಮೇಜಿನ ಮೇಲೆ ಒಂದು ತಟ್ಟೆಯಿತ್ತು. ಅವರ ಊಟಕ್ಕೆ ನನ್ನ ಸಂಚಿಕೆಯಲ್ಲಿ ಒಂದು ಪುಟವಿರಲಿಲ್ಲ. ಸಂಸ್ಕೃತಿ ಯಾರ ಮನೆಯಲ್ಲಿತ್ತೆಂದು ವಾಚಕರೇ ತೀರ್ಮಾನಿಸಲಿ.

ಆ ಬರಹ ಮುಂದಿನ ಸಂಚಿಕೆಯಲ್ಲಿ ಅಚ್ಚಾಗಬೇಕೆಂದು ಮಂಡಳಿಗೆ ಬರೆದುಕೊಟ್ಟಿದ್ದೇನೆ. ಆಗದಿದ್ದರೆ ಸಂಪಾದಕರ ಪಟ್ಟಿಯಿಂದ ನನ್ನ ಹೆಸರನ್ನೂ ಹೊಡೆದುಹಾಕಲಿ. ಕೆಂಪು ಶಾಯಿ ನನ್ನ ಮೇಜಿನ ಮೇಲೆಯೇ ಇದೆ.