ಉಚಿತ ನಕ್ಷೆಯ ಖರ್ಚು ಯಾರದು?

ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ರೈತ ತನ್ನ ಹೊಲದ ಸರ್ವೆ ನಂಬರನ್ನು ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ಪುಕ್ಕಟೆ ನೋಡಬಹುದು. ಆ ಸರ್ವರ್‌ನ ಖರ್ಚು ಖಜಾನೆಯದು. 2004ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಖಜಾನೆ ಎಲ್ಲಿಯದು? ದೇಣಿಗೆ, ಸದಸ್ಯತ್ವ ಶುಲ್ಕ, ಯಾರೋ ಕೊಟ್ಟ ಸರ್ವರ್ ಜಾಗ. ಸರ್ವರ್‌ನ ಕೆಲಸವೋ ದೊಡ್ಡದು: ನಕ್ಷೆ ಪರದೆಗೆ ಬರುವುದು ಸಣ್ಣ ಚಿತ್ರಚೌಕಗಳಾಗಿ, ಒಂದೊಂದು ಹಂತ ಹಿಗ್ಗಿಸಿದಾಗಲೂ ಅವು ನಾಲ್ಕು ಪಟ್ಟಾಗುತ್ತವೆ. 18ನೇ ಹಂತಕ್ಕೆ ಜಗತ್ತು ಸುಮಾರು 6,872 ಕೋಟಿ ಚೂರು. (ಬಹುಪಾಲು ಬರೀ ಸಮುದ್ರ, ನೋಡುವವರು ಯಾರೋ!) ದತ್ತಾಂಶವೇನೋ ಮುಕ್ತ, ಆದರೆ ಚೌಕ ಬಡಿಸುವ ಯಂತ್ರಕ್ಕೆ ಮಿತಿಯುಂಟು: ವಿಪರೀತ ಎಳೆಯುವ ಆ್ಯಪ್‌ಗಳನ್ನು ತಡೆಯುತ್ತಾರೆ. ಹಂಪಿ ಪ್ರವಾಸಕ್ಕೆ ಆ್ಯಪ್ ಮಾಡುವವರು ಹೊಸಪೇಟೆ–ಕಂಪ್ಲಿ ಸೀಮೆಯ ದತ್ತಾಂಶವನ್ನಷ್ಟೇ ಇಳಿಸಿಕೊಂಡು ತಮ್ಮದೇ ಸರ್ವರ್‌ನಲ್ಲಿಡಲಿ. ಅಷ್ಟು ನಕ್ಷೆಗೆ ಸಾಧಾರಣ ಕಂಪ್ಯೂಟರ್ ಸಾಕು.